ಕ್ರೀಮ್ ಬಳಿದರೂ ಕಚ್ಚಿದ ಜೌಗಿನ ನೊಣ: ಮುಂದಿನ ಸಲ ಏನು ಮಾಡಬೇಕು?

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಒಂದು ದೊಡ್ಡ ಜೌಗುಪ್ರದೇಶ ನೋಡಲು ಹೋಗಿದ್ದೆವು. ಸೊಳ್ಳೆ ಇರುತ್ತದೆಂದು ಎಲ್ಲರೂ ಸೊಳ್ಳೆ ಕ್ರೀಮ್ ದಪ್ಪಗೆ ಬಳಿದುಕೊಂಡಿದ್ದೆವು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮರಗಳ ಪಕ್ಕದ ಹಾದಿಯಲ್ಲಿ ನೊಣಗಳು ಮುತ್ತಿಕೊಂಡವು. ತಲೆಯ ಸುತ್ತ ಗಿರಕಿ ಹೊಡೆದು ಕತ್ತು, ಕಿವಿ, ಭುಜಕ್ಕೆ ಕಚ್ಚಿದವು. ನನ್ನ ಕಪ್ಪು ಲೆಗ್ಗಿಂಗ್ಸ್ ಮೇಲಿಂದಲೇ ಕಚ್ಚಿ ರಕ್ತ ಬಂತು. ಏಳು ವರ್ಷದ ಮಗಳ ಕಿವಿ ಮರುದಿನ ಊದಿ ಕೆಂಪಾಯಿತು. ನಮ್ಮ ಅತ್ತೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರ ಕಾಲಿನ ರಕ್ತ ಬೇಗ ನಿಲ್ಲಲೇ ಇಲ್ಲ. ಸಂಜೆ ನೀರಿನ ಪಕ್ಕ ಕೂತಾಗ ಕಣ್ಣಿಗೇ ಕಾಣದ ಯಾವುದೋ ಹುಳು ಕಚ್ಚಿ ಕೈಯೆಲ್ಲ ಉರಿಯಿತು. ಈ ಬೇಸಿಗೆಯಲ್ಲಿ ಅಲ್ಲೇ ಎರಡು ದಿನ ಟೆಂಟ್ ಹಾಕುವ ಆಸೆಯಿದೆ, ನಾಯಿಯೂ ಬರುತ್ತದೆ. ಈ ನೊಣಕ್ಕೆ ವಿಷ ಇದೆಯೇ? ಇದರಿಂದ ರೋಗ ಬರುತ್ತದೆಯೇ? ವಿಟಮಿನ್ ಬಿ ಮಾತ್ರೆ, ಬೆಳ್ಳುಳ್ಳಿ, ಅಲ್ಟ್ರಾಸೌಂಡ್ ಪಟ್ಟಿ ಕೆಲಸ ಮಾಡುತ್ತವೆ ಅನ್ನುತ್ತಾರೆ, ನಿಜವೇ? ಇನ್ನೂ ಜೋರಾದ ಕ್ರೀಮ್ ಕೊಳ್ಳಲೇ, ಇಲ್ಲ ಹೋಗುವುದನ್ನೇ ಬಿಡಲೇ?

ಉತ್ತರ: ಹೋಗುವುದನ್ನು ಬಿಡಬೇಕಾಗಿಲ್ಲ. ಜೋರಾದ ಕ್ರೀಮೂ ಬೇಕಾಗಿಲ್ಲ. ನಿಮ್ಮನ್ನು ಕಚ್ಚಿದ್ದು ಯಾವುದು ಎಂಬುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಹಗಲು ಹನ್ನೊಂದು ಗಂಟೆ, ಮರಗಳ ಅಂಚಿನ ಹಾದಿ, ತಲೆಯ ಸುತ್ತ ಗಿರಕಿ, ಬಟ್ಟೆಯ ಮೇಲಿಂದಲೇ ಕಡಿತ, ಕಡಿದಲ್ಲಿ ರಕ್ತ. ಇಷ್ಟು ಲಕ್ಷಣ ಒಟ್ಟಿಗೆ ಇದ್ದರೆ ಅದು ಕುದುರೆನೊಣದ ಕುಟುಂಬದ್ದು, ಬಹುಮಟ್ಟಿಗೆ ಅದರಲ್ಲಿ ಚಿಕ್ಕದಾದ ಡೀರ್ ಫ್ಲೈ. ಸಂಜೆ ಕಚ್ಚಿದ್ದು ಬೇರೆಯೇ ಜೀವಿ, ನುಸಿ. ಸೊಳ್ಳೆಗೆಂದು ಮಾಡಿದ ಕ್ರೀಮನ್ನು ಹಗಲು ನೊಣದ ಮೇಲೆ ನಂಬಿ ಹೊರಟದ್ದೇ ಎಡವಟ್ಟಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಕಚ್ಚುವವರು ಯಾರು ಯಾರು

ಜೌಗಿನಲ್ಲಿ ಕಚ್ಚುವ ನೊಣಗಳನ್ನು ಅವು ಮೈಯ ಯಾವ ಭಾಗಕ್ಕೆ ಬರುತ್ತವೆ ಎಂಬುದರಿಂದಲೇ ಹೆಚ್ಚುಕಡಿಮೆ ಗುರುತಿಸಬಹುದು. ತಲೆ, ಕತ್ತು, ಭುಜಕ್ಕೆ ಬರುವುದು ಡೀರ್ ಫ್ಲೈ. ಉದ್ದ 6ರಿಂದ 11 ಮಿ.ಮೀ., ರೆಕ್ಕೆಯ ಮೇಲೆ ಕಂದು ಪಟ್ಟೆ, ಚಿನ್ನದ ಬಣ್ಣಕ್ಕೆ ಹಸಿರು ಬೆರೆಸಿದಂಥ ಹೊಳೆಯುವ ಕಣ್ಣು. ಕಾಲಿಗೆ, ಬೆನ್ನಿಗೆ ಬಂದು ಧಪ್ಪನೆ ಕೂರುವುದು ಅದರ ದೊಡ್ಡಣ್ಣ, ಕುದುರೆನೊಣ. ಅದು 10ರಿಂದ 25 ಮಿ.ಮೀ. ಇರುತ್ತದೆ. ನೋಡಲು ಮನೆನೊಣದಂತೆಯೇ ಇದ್ದು ಕಣಕಾಲಿಗೇ ಮತ್ತೆ ಮತ್ತೆ ಬಂದು ಕಾಲುಚೀಲದ ಮೇಲಿಂದ ಚುಚ್ಚಿದರೆ ಅದು ಕೊಟ್ಟಿಗೆ ನೊಣ. ಅದರ ಬಾಯಿ ಮುಂದಕ್ಕೆ ಚಾಚಿದ ಸೂಜಿಯಂತಿರುತ್ತದೆ, ಕೊಳೆತ ಹುಲ್ಲು ಮತ್ತು ಗೊಬ್ಬರದಲ್ಲಿ ಹುಟ್ಟುತ್ತದೆ. ಕೂದಲಂಚಿನಲ್ಲಿ, ಕಿವಿಯ ಹಿಂದೆ, ಟೋಪಿಯ ಪಟ್ಟಿಯ ಅಡಿಗೆ ನುಸುಳಿ ಕಚ್ಚುವ ಗೂನುಬೆನ್ನಿನ ಚಿಕ್ಕ ಕಪ್ಪು ನೊಣ ಕಂಡರೆ ಹತ್ತಿರದಲ್ಲಿ ಎಲ್ಲೋ ಹರಿಯುವ ನೀರಿದೆ ಎಂದರ್ಥ. ಈ ಕರಿನೊಣದ ಮರಿಹುಳು ನಿಂತ ನೀರಿನಲ್ಲಿ ಬೆಳೆಯುವುದಿಲ್ಲ. ಇನ್ನು ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ ತೆರೆದ ಚರ್ಮಕ್ಕೆಲ್ಲ ಕಿಡಿ ತಾಗಿದಂತೆ ಚುರುಗುಟ್ಟಿಸುವುದು ನುಸಿ, ಉದ್ದ 1ರಿಂದ 3 ಮಿ.ಮೀ. ಅಷ್ಟೆ.

ಕುದುರೆನೊಣ, ಡೀರ್ ಫ್ಲೈಗಳಲ್ಲಿ ಕಚ್ಚುವುದು ಹೆಣ್ಣು ಮಾತ್ರ. ಗಂಡು ಹೂವಿನ ರಸ ಹೀರಿಕೊಂಡು ಬದುಕುತ್ತದೆ. ಹೆಣ್ಣಿಗೆ ಮೊಟ್ಟೆ ಬಲಿಯಲು ರಕ್ತದ ಪ್ರೋಟೀನ್ ಬೇಕು. ನೀರಿನ ಮೇಲೆ ಬಾಗಿದ ಎಲೆ, ಜೊಂಡಿನ ಮೇಲೆ ನೂರಾರು ಮೊಟ್ಟೆಗಳನ್ನು ಒಂದೇ ಗುಡ್ಡೆಯಾಗಿ ಇಡುತ್ತದೆ. ಮರಿಹುಳು ಕೆಳಗೆ ಕೆಸರಿಗೆ ಬಿದ್ದು ಅಲ್ಲೇ ಒಂದು ವರ್ಷ, ದೊಡ್ಡ ಜಾತಿಗಳಲ್ಲಿ ಎರಡು ವರ್ಷವೂ ಇದ್ದು ಬೇಸಿಗೆಯಲ್ಲಿ ರೆಕ್ಕೆ ಬಿಚ್ಚಿ ಮೇಲೆ ಬರುತ್ತದೆ. ಕೊಟ್ಟಿಗೆ ನೊಣದಲ್ಲಿ ಮಾತ್ರ ಗಂಡೂ ಕಚ್ಚುತ್ತದೆ.

ನಿಮ್ಮ ‘ವಿಷ’ದ ಪ್ರಶ್ನೆಗೆ ಇಲ್ಲೇ ಉತ್ತರಿಸುತ್ತೇನೆ. ವಿಷ ಇಲ್ಲ. ಸೊಳ್ಳೆ ಸೂಜಿ ಹಾಕಿ ರಕ್ತನಾಳ ಹುಡುಕುತ್ತದೆ, ಈ ನೊಣ ಹಾಗಲ್ಲ. ಅದರ ಬಾಯಿಯಲ್ಲಿ ಕತ್ತರಿಯ ಅಲಗಿನಂಥ ಭಾಗಗಳಿವೆ. ಚರ್ಮವನ್ನು ಸೀಳಿ, ಗಾಯದಲ್ಲಿ ಜಿನುಗಿ ನಿಂತ ರಕ್ತವನ್ನು ಸ್ಪಂಜಿನಂಥ ತುಟಿಯಿಂದ ಒರೆಸಿ ಹೀರುತ್ತದೆ. ನೋವು ಆ ಕ್ಷಣವೇ ಗೊತ್ತಾಗುವುದು, ನೊಣ ಹಾರಿಹೋದ ಮೇಲೂ ರಕ್ತ ಇಳಿಯುವುದು ಇದರಿಂದಲೇ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥಗಳಿರುತ್ತವೆ. ಅತ್ತೆಯವರ ಮಾತ್ರೆಯ ಕೆಲಸಕ್ಕೆ ಅದೂ ಕೈಜೋಡಿಸಿತು. ಮಗಳ ಕಿವಿ ಊದಿದ್ದು ಆ ಜೊಲ್ಲಿನ ಪ್ರೋಟೀನಿಗೆ ದೇಹ ತೋರಿದ ಅಲರ್ಜಿ. ಕಿವಿ, ಕಣ್ಣುರೆಪ್ಪೆಯಂಥ ಸಡಿಲ ಚರ್ಮದಲ್ಲಿ ಊತ ಇನ್ನೂ ಭೀಕರವಾಗಿ ಕಾಣುತ್ತದೆ.

ಕಣ್ಣಿಟ್ಟು ಬರುವ ನೊಣ

ಸೊಳ್ಳೆ ಕೊನೆಯ ಗೇಣಿನವರೆಗೂ ವಾಸನೆ ಮತ್ತು ಮೈಶಾಖ ಹಿಡಿದು ಬರುತ್ತದೆ. ಡೀಟ್ (ಸೊಳ್ಳೆ ಓಡಿಸುವ ಒಂದು ರಾಸಾಯನಿಕ) ಮುಂತಾದವು ಇರುವ ಮುಲಾಮುಗಳು ಆ ವಾಸನೆಯ ಲೆಕ್ಕವನ್ನೇ ಕೆಡಿಸುತ್ತವೆ, ಆದ್ದರಿಂದ ಸೊಳ್ಳೆಯ ಮೇಲೆ ಅವು ಪರಿಣಾಮಕಾರಿ. ಕುದುರೆನೊಣದ ಕುಟುಂಬವೂ ದೂರದಿಂದ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ, ನಿಜ. ಆದರೆ ಹತ್ತಿರ ಬಂದ ಮೇಲೆ ಅದು ನಂಬುವುದು ಕಣ್ಣನ್ನು. ಗಾಢ ಬಣ್ಣದ, ದೊಡ್ಡದಾದ, ಚಲಿಸುವ, ಹೊಳೆಯುವ ವಸ್ತು ಅದಕ್ಕೆ ಪ್ರಾಣಿ. ಅದರಲ್ಲೂ ಕಪ್ಪು ಮತ್ತು ನೀಲಿ ಎಂದರೆ ಕರೆಯೋಲೆ ಕೊಟ್ಟಂತೆ.

ಇದರ ಬಗ್ಗೆ ಸೊಗಸಾದ ಸಂಶೋಧನೆಗಳಿವೆ. ನೀರಿನ ಮೇಲ್ಮೈಯಿಂದ, ಹೊಳೆಯುವ ಕಪ್ಪು ಮೈಯಿಂದ ಪ್ರತಿಫಲಿಸುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಅದಕ್ಕೆ ಧ್ರುವೀಕೃತ ಬೆಳಕು ಎಂದು ಹೆಸರು. ನಮ್ಮ ಕಣ್ಣಿಗೆ ಈ ವ್ಯತ್ಯಾಸ ಕಾಣದು, ಕುದುರೆನೊಣಕ್ಕೆ ಕಾಣುತ್ತದೆ. ಹಂಗೇರಿಯ ಗಾಬೋರ್ ಹೊರ್ವಾತ್ ಮತ್ತು ಸಂಗಡಿಗರು 2010ರಲ್ಲಿ ಬಿಳಿ ಕುದುರೆಗಳಿಗೆ ಈ ನೊಣದ ಕಾಟ ಕಡಿಮೆ ಏಕೆ ಎಂಬುದನ್ನು ಇದೇ ದಾರಿಯಲ್ಲಿ ವಿವರಿಸಿದರು. 2016ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು. ನಗಿಸುವ ಪ್ರಶಸ್ತಿ, ಆದರೆ ಕೆಲಸ ಗಟ್ಟಿಯಾದದ್ದು. 2019ರಲ್ಲಿ ಅದೇ ತಂಡ ಅಂಟು ಬಳಿದ ಮನುಷ್ಯಗೊಂಬೆಗಳನ್ನು ನಿಲ್ಲಿಸಿ ನೋಡಿತು. ಬಿಳಿ ಪಟ್ಟೆ ಬಳಿದ ಗೊಂಬೆಗಿಂತ ಕಂದು ಗೊಂಬೆಗೆ ಹತ್ತು ಪಟ್ಟು ಹೆಚ್ಚು ಕುದುರೆನೊಣ ಅಂಟಿಕೊಂಡವು. ಅದೇ ವರ್ಷ ಜಪಾನಿನಲ್ಲಿ ಕಪ್ಪು ಹಸುಗಳಿಗೆ ಜೀಬ್ರಾದಂತೆ ಬಿಳಿ ಪಟ್ಟೆ ಬಳಿದಾಗ ಕಚ್ಚುವ ನೊಣಗಳು ಮೈಮೇಲೆ ಕೂರುವುದು ಸುಮಾರು ಅರ್ಧಕ್ಕೆ ಇಳಿಯಿತು. ನೀವು ಮೈಗೆ ಪಟ್ಟೆ ಬಳಿದುಕೊಳ್ಳಬೇಕೆಂದು ಹೇಳುತ್ತಿಲ್ಲ. ಕಪ್ಪು ಲೆಗ್ಗಿಂಗ್ಸ್ ಏಕೆ ಅಷ್ಟು ದುಬಾರಿಯಾಯಿತು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೂ ಒಂದು ಮಾತು. ನೀರಿಗಿಳಿದು ಎದ್ದ ಒದ್ದೆ ಮೈಯೂ ಅದಕ್ಕೆ ಹೊಳೆಯುವ ಮೇಲ್ಮೈಯೇ. ಈಜಿ ಬಂದವರನ್ನು ಕುದುರೆನೊಣ ಹುಡುಕಿಕೊಂಡು ಬರುತ್ತದೆ. ದಡ ಹತ್ತಿದ ಕೂಡಲೇ ಮೈ ಒರೆಸಿಕೊಂಡು ಒಣ ಬಟ್ಟೆ ಹಾಕಿಕೊಳ್ಳಿ. ಬಿಸಿಲಿನಲ್ಲಿ ನಿಲ್ಲಿಸಿದ ಗಾಢ ಬಣ್ಣದ ಕಾರಿನ ಸುತ್ತ ಹತ್ತಾರು ನೊಣ ಸುತ್ತುವುದಕ್ಕೂ ಕಾರಣ ಇದೇ. ಬಾಗಿಲು ತೆರೆಯುವಾಗ ಒಳಗೆ ನುಗ್ಗಿದವನ್ನು ಬಡಿಯುತ್ತ ಕೂರಬೇಡಿ. ಎಲ್ಲ ಕಿಟಕಿ ಇಳಿಸಿ ನಿಧಾನವಾಗಿ ಸ್ವಲ್ಪ ದೂರ ಓಡಿಸಿದರೆ ಬೆಳಕಿನ ಕಡೆ ತಾವೇ ಹೊರಬೀಳುತ್ತವೆ.

ಬಟ್ಟೆಯೇ ಮೊದಲ ಮದ್ದು

ಖರ್ಚು ಮಾಡುವುದಿದ್ದರೆ ಕ್ರೀಮಿಗಿಂತ ಮೊದಲು ಬಟ್ಟೆಗೆ ಮಾಡಿ. ಬಿಳಿ, ಕೆನೆ, ತಿಳಿ ಖಾಕಿ ಬಣ್ಣ. ತುಂಬು ತೋಳು, ಉದ್ದ ಪ್ಯಾಂಟು. ನೇಯ್ಗೆ ಒತ್ತಾಗಿರಬೇಕು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಕಿಂಡಿ ಕಾಣುತ್ತಿದ್ದರೆ ಅದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಸಡಿಲವಾಗಿರಬೇಕು. ಹಿಗ್ಗುವ ಬಟ್ಟೆ ಚರ್ಮಕ್ಕೆ ಅಂಟಿಕೊಂಡಾಗ ಎಳೆಗಳು ಅಗಲವಾಗಿ ಬಿಟ್ಟುಕೊಳ್ಳುತ್ತವೆ, ನೊಣದ ಬಾಯಿಗೆ ಅಡ್ಡಿಯೇ ಇರುವುದಿಲ್ಲ. ಬಟ್ಟೆಗೂ ಚರ್ಮಕ್ಕೂ ಒಂದು ಬೆರಳಿನಷ್ಟು ಗಾಳಿಯ ಜಾಗ ಇದ್ದರೆ ಕೂತ ನೊಣ ಕಚ್ಚಲು ಚರ್ಮ ಸಿಗದೆ ಎದ್ದುಹೋಗುತ್ತದೆ. ಭುಜ, ಮೊಣಕೈ, ಮೊಣಕಾಲು, ಕೂತಾಗ ತೊಡೆಯ ಮೇಲ್ಭಾಗ, ಈ ನಾಲ್ಕು ಕಡೆ ಸಡಿಲ ಬಟ್ಟೆಯೂ ಬಿಗಿದುಕೊಳ್ಳುತ್ತದೆ. ಅಲ್ಲಿ ಒಳಗೆ ಇನ್ನೊಂದು ತೆಳು ಪದರ ಇದ್ದರೆ ಒಳ್ಳೆಯದು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲ ದಪ್ಪಗಿರಲಿ.

ತಲೆಗೆ ಅಗಲ ಅಂಚಿನ ಟೋಪಿ, ಅದರ ಮೇಲೆ ತಲೆಬಲೆ. ಟೋಪಿಯಿಲ್ಲದೆ ಬಲೆ ಹಾಕಿಕೊಳ್ಳುವುದು ಬಹಳ ಜನ ಮಾಡುವ ತಪ್ಪು. ಬಲೆ ಮೂಗಿಗೆ, ಕಿವಿಗೆ, ಕತ್ತಿಗೆ ತಾಗಿಕೊಂಡರೆ ಅದರ ಮೇಲಿಂದಲೇ ಕಚ್ಚುತ್ತವೆ. ಟೋಪಿಯ ಅಂಚು ಸುತ್ತಲೂ ಆರೇಳು ಸೆಂ.ಮೀ. ಚಾಚಿರಬೇಕು. ಬಲೆಯ ಕೆಳತುದಿಯನ್ನು ಕಾಲರಿನೊಳಗೆ ಸೇರಿಸಿ, ಅಥವಾ ಅದರ ದಾರವನ್ನು ಕಂಕುಳ ಕೆಳಗಿಂದ ತಂದು ಕಟ್ಟಿ. ಬಲೆಯ ಬಣ್ಣ ಮಾತ್ರ ಕಪ್ಪೇ ಇರಲಿ. ಬಿಳಿ ಬಲೆ ಬಿಸಿಲಿಗೆ ಹೊಳೆದು ಎದುರಿನದು ಕಾಣುವುದಿಲ್ಲ, ಹಲಗೆದಾರಿಯಲ್ಲಿ ಎಡವುತ್ತೀರಿ. ಮಗುವಿಗೆ ಬಲೆ ಉಸಿರುಗಟ್ಟಿಸಿದಂತಾಗುತ್ತದೆ, ಹತ್ತು ನಿಮಿಷಕ್ಕೆ ಕಿತ್ತೆಸೆಯುತ್ತದೆ. ಹೊರಡುವ ವಾರ ಮನೆಯಲ್ಲೇ ಆಟವಾಡಿಸುತ್ತ ಅಭ್ಯಾಸ ಮಾಡಿಸಿ.

ಡೀರ್ ಫ್ಲೈ ಮೈಯ ಅತಿ ಎತ್ತರದ ಭಾಗಕ್ಕೆ ಗುರಿಯಿಡುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ಎತ್ತರದವರಿಗೆ ಹೆಚ್ಚು ಕಾಟ. ಈ ಚಾಳಿಯನ್ನೇ ಹಿಡಿದು ಫ್ಲಾರಿಡಾ ವಿಶ್ವವಿದ್ಯಾಲಯದ ಕೀಟತಜ್ಞರು ಒಂದು ಬಲೆ ರೂಪಿಸಿದರು. ನೀಲಿ ಪ್ಲಾಸ್ಟಿಕ್ ಕುಂಡದ ಹೊರಮೈಗೆ ಒಣಗದ ಅಂಟು ಬಳಿದು, ನಿಧಾನವಾಗಿ ಚಲಿಸುವ ವಾಹನದ ಮೇಲೆ ಕಟ್ಟುವುದು. ನಡೆಯುವವರು ಇದನ್ನೇ ಚಿಕ್ಕದಾಗಿ ಮಾಡಿಕೊಳ್ಳಬಹುದು. ನೀಲಿ ಪ್ಲಾಸ್ಟಿಕ್ ಲೋಟವನ್ನು ಬೋರಲು ಹಾಕಿ ಟೋಪಿಯ ನೆತ್ತಿಗೆ ಗಟ್ಟಿಯಾಗಿ ಸಿಗಿಸಿ, ಹೊರಮೈಗೆ ಕೀಟ ಹಿಡಿಯುವ ಅಂಟನ್ನು ತೆಳ್ಳಗೆ ಸವರಿ. ಅಥವಾ ಎರಡೂ ಬದಿ ಅಂಟಿರುವ ಪಟ್ಟಿಯನ್ನು ಟೋಪಿಯ ಹಿಂಭಾಗಕ್ಕೆ ಅಂಟಿಸಿ. ನೋಡಲು ವಿದೂಷಕನಂತೆ ಕಾಣುತ್ತೀರಿ, ಆದರೆ ಡೀರ್ ಫ್ಲೈ ಹೆಚ್ಚಿರುವ ಹಾದಿಯಲ್ಲಿ ಯಾವ ಮುಲಾಮಿಗಿಂತಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ಎಚ್ಚರಿಕೆ: ಇದು ಚಲಿಸುತ್ತಿದ್ದರೆ ಮಾತ್ರ ಉಪಯೋಗ, ಕುದುರೆನೊಣಕ್ಕೂ ನುಸಿಗೂ ಇದರಿಂದ ಏನೂ ಆಗದು. ಮತ್ತು ಅಂಟಿನ ಬಲೆಯನ್ನು ಮರಕ್ಕೆ ತೂಗುಹಾಕಿ ಬರಬೇಡಿ, ಕೊಡತಿಹುಳು, ಚಿಕ್ಕ ಹಕ್ಕಿ, ಬಾವಲಿ ಅದಕ್ಕೆ ಸಿಕ್ಕಿ ಸಾಯುತ್ತವೆ.

ಅಂದಹಾಗೆ, ನಿಮ್ಮ ಸುತ್ತ ಹಾರುವ ಕೊಡತಿಹುಳುಗಳನ್ನು ಓಡಿಸಬೇಡಿ. ಅವು ಬಂದಿರುವುದು ನಿಮಗಾಗಿ ಅಲ್ಲ, ನಿಮ್ಮನ್ನು ಮುತ್ತಿದ ನೊಣಗಳಿಗಾಗಿ. ಕೆಲವು ಜಾತಿಯ ಮರಳು ಕಣಜಗಳೂ ಹೀಗೆಯೇ ಪ್ರಾಣಿಗಳ ಸುತ್ತ ಸುಳಿದಾಡಿ ನೊಣ ಹಿಡಿಯುತ್ತವೆ.

ಯಾವ ಹೊತ್ತು, ಯಾವ ಹಾದಿ

ಈ ನೊಣಗಳಿಗೆ ಬಿಸಿಲು, ಸೆಕೆ, ಗಾಳಿಯಿಲ್ಲದ ಹೊತ್ತು ಇಷ್ಟ. ಬೆಳಗಿನ ಹೊತ್ತು ಕಳೆದು ಮಧ್ಯಾಹ್ನ ಇಳಿಯುವವರೆಗೆ ಅವುಗಳ ಆರ್ಭಟ. ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ, ಚೆನ್ನಾಗಿ ಗಾಳಿ ಬೀಸುತ್ತಿದ್ದರೆ, ಮಳೆ ಹನಿಯುತ್ತಿದ್ದರೆ ಬಹುತೇಕ ತಣ್ಣಗಿರುತ್ತವೆ. ರಾತ್ರಿ ಹಾರುವುದು ಅಪರೂಪ. ಡೀರ್ ಫ್ಲೈ ಕಾಡಿನ ಅಂಚಿನಲ್ಲಿ, ಮರ ಮತ್ತು ಬಯಲು ಸೇರುವಲ್ಲಿ ಎಲೆಯ ಮೇಲೆ ಹೊಂಚಿ ಕೂತು, ಹಾದಿಯಲ್ಲಿ ಏನಾದರೂ ಚಲಿಸಿದರೆ ಎದ್ದು ಬರುತ್ತದೆ. ನೀವು ನಡೆದ ಹಾದಿ ಅಂಥದ್ದೇ. ಅದೇ ಜೌಗಿನಲ್ಲಿ ತೆರೆದ ನೀರಿನ ಮೇಲೆ ಹಾಸಿದ ಹಲಗೆದಾರಿ, ದೋಣಿ, ಗಾಳಿಗೆ ಒಡ್ಡಿಕೊಂಡ ವೀಕ್ಷಣಾ ಗೋಪುರದಲ್ಲಿ ಕಾಟ ಎಷ್ಟೋ ಕಡಿಮೆ. ಆದ್ದರಿಂದ ಮರದಂಚಿನ ಹಾದಿಯನ್ನು ಬೆಳಿಗ್ಗೆ ಬೇಗ ಮುಗಿಸಿ, ನಡುಹಗಲಿಗೆ ನೀರಿನ ಕಡೆ ಹೋಗಿ.

ಬೆಳಿಗ್ಗೆ ತೀರಾ ಬೇಗ ಹೊರಟರೆ ಮಬ್ಬಿನಲ್ಲಿ ನುಸಿ, ಸೊಳ್ಳೆ ಕಾಯುತ್ತಿರುತ್ತವೆ. ಎರಡೂ ಕಡಿಮೆ ಇರುವ ಸಂದು ಒಂದಿದೆ: ಸೂರ್ಯ ಚೆನ್ನಾಗಿ ಮೇಲೆದ್ದ ಮೇಲೆ, ಸೆಕೆ ಏರುವುದಕ್ಕೆ ಮೊದಲು, ಸುಮಾರು ಎರಡು ಗಂಟೆಗಳ ಅವಧಿ. ನಿಮ್ಮ ಮುಖ್ಯ ನಡಿಗೆಯನ್ನು ಅದರಲ್ಲಿ ಕೂರಿಸಿಕೊಳ್ಳಿ.

ತಾರೀಖಿನ ಲೆಕ್ಕ ಇನ್ನೂ ದೊಡ್ಡದು. ಇಡೀ ಬೇಸಿಗೆ ಒಂದೇ ಸಮನೆ ಕಾಟ ಇರುವುದಿಲ್ಲ. ಒಂದೊಂದು ಜಾತಿ ಕೆಲವೇ ವಾರ ಅಬ್ಬರಿಸಿ ಇಳಿಯುತ್ತದೆ, ರೆಕ್ಕೆ ಬಂದ ಮೇಲೆ ಅದರ ಆಯುಸ್ಸೇ ಕೆಲವು ವಾರ. ಪ್ರವಾಸವನ್ನು ಮೂರು ವಾರ ಹಿಂದೆ ಮುಂದೆ ಮಾಡಿದರೆ ಬೇರೆಯೇ ಜೌಗನ್ನು ನೋಡಿದಂತಾಗಬಹುದು. ಆ ಜಾಗವನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಫೋನ್ ಮಾಡಿ ‘ನೊಣ ಇದೆಯೇ’ ಎಂದು ಕೇಳಬೇಡಿ, ಇದೆ ಎಂದೇ ಹೇಳುತ್ತಾರೆ. ‘ಹಗಲು ಕಚ್ಚುವ ದೊಡ್ಡ ನೊಣ ಈ ವಾರ ಏರುತ್ತಿದೆಯೇ, ಇಳಿಯುತ್ತಿದೆಯೇ, ಯಾವ ಹಾದಿಯಲ್ಲಿ ಹೆಚ್ಚು’ ಎಂದು ಕೇಳಿ.

ಮುತ್ತಿಕೊಂಡಾಗ ಓಡುವುದು, ಕೈ ಬೀಸುವುದು ವ್ಯರ್ಥ. ಚಲನೆ ಅವುಗಳನ್ನು ಇನ್ನಷ್ಟು ಸೆಳೆಯುತ್ತದೆ, ವೇಗದಲ್ಲಿ ನೀವು ಗೆಲ್ಲಲಾರಿರಿ. ಆ ಅಂಚಿನಿಂದ ನೇರವಾಗಿ ಗಾಳಿಯಿರುವ ಬಯಲಿಗೆ, ಇಲ್ಲವೇ ಬಾಗಿಲಿರುವ ಕೋಣೆಗೆ ಸಾಗಿ.

ಬಾಟಲಿಯ ಮಾತು

ಇಷ್ಟೆಲ್ಲ ಹೇಳಿದ ಮೇಲೂ ಮುಲಾಮು ಬೇಕು. ಸೊಳ್ಳೆಗೆ, ನುಸಿಗೆ ಅದು ಚೆನ್ನಾಗಿ ನಡೆಯುತ್ತದೆ, ಡೀರ್ ಫ್ಲೈಗೆ ಅರೆಬರೆ, ದೊಡ್ಡ ಕುದುರೆನೊಣಕ್ಕೆ ತೀರಾ ಕಡಿಮೆ. ಡೀಟ್ 20ರಿಂದ 30 ಶೇಕಡಾ, ಅಥವಾ ಪಿಕಾರಿಡಿನ್ 20 ಶೇಕಡಾ ಇರುವುದನ್ನು ಕೊಳ್ಳಿ. ‘ಇನ್ನೂ ಜೋರಾದದ್ದು’ ಎಂಬ ಆಸೆ ಬಿಡಿ. ಡೀಟಿನ ಪ್ರಮಾಣ ಏರಿದರೆ ಮುಲಾಮು ಹೆಚ್ಚು ಹೊತ್ತು ನಿಲ್ಲುತ್ತದೆಯೇ ಹೊರತು ಕಚ್ಚುವ ಹುಳು ಹೆಚ್ಚು ಹೆದರುವುದಿಲ್ಲ, 50 ಶೇಕಡಾ ದಾಟಿದ ಮೇಲೆ ಆ ಲಾಭವೂ ಹೆಚ್ಚೇನೂ ಇಲ್ಲ. ಡೀಟ್ ಪ್ಲಾಸ್ಟಿಕ್ ಕರಗಿಸುತ್ತದೆ. ಕನ್ನಡಕದ ಮಸೂರ, ಗಡಿಯಾರದ ಗಾಜು, ಬೈನಾಕ್ಯುಲರಿನ ರಬ್ಬರ್, ಹಿಗ್ಗುವ ಸ್ಪಾಂಡೆಕ್ಸ್ ಬಟ್ಟೆ ಎಲ್ಲಕ್ಕೂ ಕಲೆ ಬೀಳುತ್ತದೆ. ಹತ್ತಿ, ಉಣ್ಣೆ, ನೈಲಾನಿಗೆ ಏನೂ ಆಗದು. ಪಿಕಾರಿಡಿನ್‌ಗೆ ಈ ದೋಷವಿಲ್ಲ, ಜಿಡ್ಡೂ ವಾಸನೆಯೂ ಕಡಿಮೆ. ಮಕ್ಕಳಿರುವ ಮನೆಗೆ ನಾನು ಅದನ್ನೇ ಹೇಳುವುದು.

ಸನ್‌ಸ್ಕ್ರೀನ್ ಮೊದಲು, ಅದು ಚರ್ಮಕ್ಕೆ ಹಿಡಿಯಲು 15–20 ನಿಮಿಷ ಬಿಟ್ಟು ಮೇಲೆ ಮುಲಾಮು. ಎರಡೂ ಒಂದೇ ಟ್ಯೂಬಿನಲ್ಲಿ ಬೆರೆಸಿ ಮಾರುವುದು ಬೇಡ. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು, ಮುಲಾಮನ್ನು ಅಷ್ಟು ಸಲ ಹಚ್ಚಬಾರದು. ಡೀಟ್ ಸನ್‌ಸ್ಕ್ರೀನಿನ ಶಕ್ತಿಯನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸುತ್ತದೆ ಎಂಬುದೂ ನೆನಪಿರಲಿ. ತೆಳ್ಳಗೆ ಒಂದೇ ಪದರ ಸಾಕು, ದಪ್ಪಗೆ ಬಳಿದರೆ ರಕ್ಷಣೆ ಹೆಚ್ಚುವುದಿಲ್ಲ. ಬಟ್ಟೆಯ ಕೆಳಗೆ ಹಚ್ಚಬೇಡಿ. ಮಗಳಿಗೆ ನೀವೇ ನಿಮ್ಮ ಅಂಗೈಗೆ ಹಾಕಿಕೊಂಡು ಸವರಿ, ಅವಳ ಕೈಬೆರಳು, ಕಣ್ಣು, ಬಾಯಿಯ ಸುತ್ತ ಬಿಟ್ಟುಬಿಡಿ. ನಿಂಬೆ ಯೂಕಲಿಪ್ಟಸ್ ಎಣ್ಣೆಯಿಂದ ತಯಾರಿಸಿದ ಮುಲಾಮನ್ನು ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚುವಂತಿಲ್ಲ, ನಿಮ್ಮ ಮಗಳಿಗೆ ಅಡ್ಡಿಯಿಲ್ಲ.

ಬಟ್ಟೆಗೆ ಹೊಡೆಯುವ 0.5 ಶೇಕಡಾ ಪರ್ಮೆಥ್ರಿನ್ ಬೇರೆ ವಸ್ತು. ಇದು ಓಡಿಸುವುದಿಲ್ಲ, ಕೂತ ಹುಳುವನ್ನು ಕೆಡವುತ್ತದೆ. ಉಣ್ಣಿ, ಸೊಳ್ಳೆಗೆ ತುಂಬ ಒಳ್ಳೆಯದು. ಕುದುರೆನೊಣ ಬಿದ್ದು ಸಾಯುವ ಮೊದಲೇ ಒಂದು ಬಾಯಿ ಕಚ್ಚಿರಬಹುದು. ಹೊರಡುವ ಹಿಂದಿನ ದಿನ ಹೊರಾಂಗಣದಲ್ಲಿ ಬಟ್ಟೆ ತೂಗುಹಾಕಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಒಂದು ಗೇಣು ದೂರದಿಂದ ಎರಡೂ ಬದಿ ಒದ್ದೆಯಾಗುವಷ್ಟು ಸಿಂಪಡಿಸಿ. ಪೂರ್ತಿ ಒಣಗಲು ಎರಡರಿಂದ ನಾಲ್ಕು ಗಂಟೆ ಬೇಕು. ಒಳಉಡುಪಿಗೆ, ಚರ್ಮಕ್ಕೆ ಬೇಡ. ಸುಮಾರು ಆರು ವಾರ ಅಥವಾ ಆರು ಒಗೆತ ತಾಳುತ್ತದೆ. ಆ ಬಟ್ಟೆಯನ್ನು ಜೌಗಿನ ನೀರಿನಲ್ಲಿ ಜಾಲಿಸಲೇಬೇಡಿ, ಮೀನಿಗೂ ನೀರಿನ ಹುಳುಗಳಿಗೂ ಅದು ಕಡುವಿಷ.

ಇನ್ನು ನೀವು ಕೇಳಿದ ಉಳಿದವು. ವಿಟಮಿನ್ ಬಿ ಮಾತ್ರೆ, ಬೆಳ್ಳುಳ್ಳಿ, ಅಲ್ಟ್ರಾಸೌಂಡ್ ಪಟ್ಟಿ ಮೂರೂ ಪರೀಕ್ಷೆಗಳಲ್ಲಿ ಸೋತಿವೆ. ನೀಲಿ ದೀಪದ ವಿದ್ಯುತ್ ಬಲೆ ರಾತ್ರಿ ಹಾರುವ ನಿರಪರಾಧಿ ಪತಂಗಗಳನ್ನು ಸುಡುತ್ತದೆ, ಹಗಲಿನ ನೊಣಕ್ಕೆ ಅದರ ಗೊಡವೆಯೇ ಇಲ್ಲ. ಸಿಟ್ರೊನೆಲ್ಲಾ ಎಣ್ಣೆ ಒಂದಿಷ್ಟು ಹೊತ್ತು ಸೊಳ್ಳೆಯನ್ನು ತಡೆದೀತು, ಈ ನೊಣವನ್ನು ತಡೆಯದು.

ಕಚ್ಚಿದ ಮೇಲೆ

ಸೋಪು ಮತ್ತು ಕುಡಿಯುವ ನೀರಿನಿಂದ ತೊಳೆಯಿರಿ, ಜೌಗಿನ ನೀರಿನಿಂದ ಬೇಡ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಅತ್ತೆಯವರಿಗೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ, ನಡುನಡುವೆ ಎತ್ತಿ ನೋಡದೆ. ಎತ್ತಿ ನೋಡಿದಾಗಲೆಲ್ಲ ಆಗತಾನೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ನೊಣ ಕಚ್ಚೀತೆಂದು ಹೆದರಿ ಆ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 10 ನಿಮಿಷ. ತುರಿಕೆಗೆ 1 ಶೇಕಡಾ ಹೈಡ್ರೊಕಾರ್ಟಿಸೋನ್ ಮುಲಾಮು ದಿನಕ್ಕೆ ಎರಡು ಸಲ ತೆಳ್ಳಗೆ, ಕೆಲವೇ ದಿನ, ಅದೂ ಚರ್ಮ ಸೀಳಿರುವ ಜಾಗ ಬಿಟ್ಟು ಸುತ್ತಲಿಗೆ ಮಾತ್ರ. ಊತ, ತುರಿಕೆ ಜೋರಾಗಿದ್ದರೆ ದೊಡ್ಡವರಿಗೆ ಸೆಟಿರಿಜಿನ್ 10 ಮಿ.ಗ್ರಾಂ. ದಿನಕ್ಕೊಂದು. ಮಗುವಿನ ಪ್ರಮಾಣವನ್ನೂ, ಅತ್ತೆಯವರ ಬೇರೆ ಮಾತ್ರೆಗಳ ಜೊತೆ ಇದು ಹೊಂದುತ್ತದೆಯೇ ಎಂಬುದನ್ನೂ ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಿ. ಟೂತ್‌ಪೇಸ್ಟ್, ಸುಣ್ಣ ಹಚ್ಚುವವರಿದ್ದಾರೆ. ಹರಿದ ಚರ್ಮಕ್ಕೆ ಅದು ಗಾಯದ ಮೇಲೆ ಬರೆ.

ಊತ ಮೊದಲ ಒಂದೆರಡು ದಿನ ಏರುವುದು ಸಹಜ. ಅದು ಅಲರ್ಜಿ, ಆ್ಯಂಟಿಬಯಾಟಿಕ್ ಬೇಕಾಗಿಲ್ಲ. ಎರಡು ದಿನ ಕಳೆದ ಮೇಲೂ ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಾಗಿ ತುರಿಕೆಗಿಂತ ನೋವೇ ಹೆಚ್ಚಾದರೆ, ಕೀವು, ಜ್ವರ, ಮೇಲಕ್ಕೆ ಹತ್ತುವ ಕೆಂಪು ಗೆರೆ ಕಂಡರೆ ಅದು ಸೋಂಕು, ವೈದ್ಯರಲ್ಲಿಗೆ ಹೋಗಿ. ಸಂದೇಹವಿದ್ದರೆ ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದಿಡಿ, ಹರಡಿತೋ ಇಲ್ಲವೋ ಎಂಬ ಚರ್ಚೆಯೇ ಇರುವುದಿಲ್ಲ. ಕಚ್ಚಿದ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು, ತುಟಿ ಅಥವಾ ನಾಲಿಗೆ ಊತ, ಉಸಿರಾಟಕ್ಕೆ ತೊಂದರೆ, ತಲೆಸುತ್ತು, ವಾಂತಿ ಬಂದರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಅಪರೂಪ, ಆದರೆ ಪ್ರಾಣಾಪಾಯ. ಅಲರ್ಜಿಯ ಇತಿಹಾಸ ಇರುವವರು ವೈದ್ಯರು ಕೊಟ್ಟ ಎಪಿನೆಫ್ರಿನ್ ಇಂಜೆಕ್ಷನ್ ಪೆನ್ ಜೊತೆಗಿಟ್ಟುಕೊಂಡೇ ಜೌಗಿಗೆ ಇಳಿಯಬೇಕು, ಸೆಟಿರಿಜಿನ್ ಅದಕ್ಕೆ ಬದಲಿಯಲ್ಲ.

ರೋಗದ ಭಯ ಅತಿಯಾಗಿ ಬೇಡ. ಮಲೇರಿಯಾ, ಡೆಂಗಿಯನ್ನು ಹರಡುವುದು ಸೊಳ್ಳೆ, ಈ ನೊಣಗಳಲ್ಲ. ಡೀರ್ ಫ್ಲೈ ಜಾತಿಯ ಕೆಲವು ನೊಣಗಳು ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಮಳೆಕಾಡುಗಳಲ್ಲಿ ಕಣ್ಣಿನ ಹುಳು ಎಂದು ಹೆಸರಾದ ಲೋವಾ ಲೋವಾವನ್ನು ಹರಡುತ್ತವೆ, ಅಮೆರಿಕದ ಪಶ್ಚಿಮ ಭಾಗದಂಥ ಕೆಲವೆಡೆ ಟ್ಯುಲರೀಮಿಯಾ ಎಂಬ ಬ್ಯಾಕ್ಟೀರಿಯಾ ಸೋಂಕನ್ನು ದಾಟಿಸಬಲ್ಲವು. ಕರಿನೊಣಗಳ ವಿಷಯ ಬೇರೆ, ಆಫ್ರಿಕಾದ ಕೆಲವು ನದೀತೀರಗಳಲ್ಲಿ ಅವು ಕುರುಡು ತರುವ ಹುಳುವನ್ನು ಹರಡುತ್ತವೆ. ಬೇರೆಡೆ ಒಂದೆರಡು ದಿನ ಹೋಗಿಬರುವವರಿಗೆ ಕಡಿತದ ಗಾಯ ಮತ್ತು ಅಲರ್ಜಿಯೇ ನಿಜವಾದ ತೊಂದರೆ. ಆದರೂ ಮರಳಿದ ಎರಡು ವಾರದೊಳಗೆ ಜ್ವರ ಬಂದು, ಕಚ್ಚಿದಲ್ಲಿ ಹುಣ್ಣಾಗಿ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗಂಟು ಕಟ್ಟಿದರೆ ಜೌಗಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ.

ಟೆಂಟು ಮತ್ತು ನಾಯಿ

ಟೆಂಟಿಗೆ ನೀರಿನಂಚು ಬೇಡ, ಮರದಂಚೂ ಬೇಡ. ಸ್ವಲ್ಪ ಎತ್ತರದ, ಗಾಳಿ ಆಡುವ ಜಾಗ ನೋಡಿ. ಸಂಜೆಯ ನುಸಿಗೆ ಗಾಳಿಯೇ ದೊಡ್ಡ ಶತ್ರು. ಗಂಟೆಗೆ ಹತ್ತು ಹನ್ನೆರಡು ಕಿ.ಮೀ. ಗಾಳಿ ಬೀಸಿದರೆ ಅವು ಹಾರಲಾರವು, ಬ್ಯಾಟರಿ ಫ್ಯಾನನ್ನು ಕಾಲಿನ ಕಡೆ ತಿರುಗಿಸಿಟ್ಟರೂ ವ್ಯತ್ಯಾಸ ಗೊತ್ತಾಗುತ್ತದೆ. ಟೆಂಟಿನ ಜಾಲರಿ ನೋಡಿ ಕೊಳ್ಳಿ. ಮಾಮೂಲಿ ಸೊಳ್ಳೆಪರದೆಯ ಕಿಂಡಿಯಲ್ಲಿ ನುಸಿ ಸಲೀಸಾಗಿ ನುಸುಳುತ್ತದೆ, ಕಿಂಡಿ 1 ಮಿ.ಮೀ.ಗಿಂತ ಚೆನ್ನಾಗಿ ಚಿಕ್ಕದಿರಬೇಕು. ಅಂಥ ಜಾಲರಿಯಲ್ಲಿ ಗಾಳಿಯೂ ಕಡಿಮೆ ಆಡುತ್ತದೆ, ಸೆಕೆಗೆ ಸಿದ್ಧರಾಗಿರಿ. ಕತ್ತಲಾದ ಮೇಲೆ ದೀಪ ಆರಿಸಿಯೇ ಜಿಪ್ ತೆಗೆಯಿರಿ.

ನಾಯಿಗೆ ಮನುಷ್ಯರ ಡೀಟ್ ಹಚ್ಚಬೇಡಿ, ನೆಕ್ಕಿಕೊಂಡರೆ ನಡುಕ, ಸೆಳವು ಬರಬಹುದು. ನಾಯಿಗಳಿಗೆಂದೇ ಮಾಡಿದ್ದನ್ನು ಪಶುವೈದ್ಯರಲ್ಲಿ ಕೇಳಿ ಪಡೆಯಿರಿ. ನೊಣಗಳು ಅದರ ಕಿವಿಯ ತುದಿಗೇ ಕಚ್ಚಿ ರಕ್ತ ಹೆಪ್ಪುಗಟ್ಟಿಸುತ್ತವೆ. ದಿನಕ್ಕೆರಡು ಸಲ ಕಿವಿ ನೋಡಿ, ತೊಳೆದು ಒಣಗಿಸಿ, ನಡುಹಗಲು ಜಾಲರಿಯ ಒಳಗೇ ನೆರಳಿನಲ್ಲಿ ಇರಿಸಿ. ಮನೆಯಲ್ಲಿ ಬೆಕ್ಕೂ ಇದ್ದರೆ ಇನ್ನೊಂದು ಎಚ್ಚರ: ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ಪ್ರಾಣಾಂತಕ. ಮದ್ದು ಹಾಕಿದ ನಾಯಿ, ಇನ್ನೂ ಒಣಗದ ಬಟ್ಟೆ, ಎರಡರ ಹತ್ತಿರವೂ ಅದನ್ನು ಬಿಡಬೇಡಿ.